ಟೂಲ್‌ಬಾರಿಗೆ ಬಿದ್ದ ಬೀಗ



ಅಂತಿಮ ವರ್ಷದ ಪ್ರಾಜೆಕ್ಟ್ ಕೆಲಸಕ್ಕೆಂದು ಗ್ರಂಥಾಲಯದ ತಂತ್ರಾಂಶವೊಂದನ್ನು ಸಿದ್ಧಪಡಿಸಲು ನೀವು ಕುಳಿತಿದ್ದೀರಿ ಎಂದು ಭಾವಿಸೋಣ. ಭಾಷೆ ಸಿ ಶಾರ್ಪ್, ಪರದೆಗಳ ರಚನೆಗೆ ವಿಂಡೋಸ್ ಫಾರಂಸ್. ಪುಸ್ತಕಗಳಿಗೆ ಒಂದು ಫಾರಂ, ಸದಸ್ಯರಿಗೆ ಇನ್ನೊಂದು, ಎರವಲಿಗೆ ಮತ್ತೊಂದು, ದಂಡದ ಲೆಕ್ಕಕ್ಕೆ ಮಗದೊಂದು. ಎಲ್ಲದರ ನೆತ್ತಿಯ ಮೇಲೂ ಒಂದೇ ಬಗೆಯ ಟೂಲ್‌ಬಾರ್ ಇರಬೇಕು: ಹೊಸದು, ಉಳಿಸು, ಅಳಿಸು, ಮುದ್ರಿಸು. ಎರವಲಿನ ಫಾರಂನಲ್ಲಿ ಮಾತ್ರ ‘ಅವಧಿ ವಿಸ್ತರಿಸು’ ಎಂಬ ಗುಂಡಿಯೊಂದು ಹೆಚ್ಚಿಗೆ ಬೇಕು.

ನಾಲ್ಕು ಬಾರಿ ಅದನ್ನೇ ಜೋಡಿಸುವುದೇಕೆ? ತರಗತಿಯಲ್ಲಿ ಕಲಿತ ಇನ್‌ಹೆರಿಟೆನ್ಸ್, ಅಂದರೆ ಆನುವಂಶಿಕತೆ, ನಿಮಗೆ ನೆನಪಾಗುತ್ತದೆ. ಟೂಲ್‌ಬಾರ್ ಇರುವ ಮೂಲ ಫಾರಂ ಒಂದನ್ನು ರಚಿಸುತ್ತೀರಿ; ಉಳಿದ ನಾಲ್ಕನ್ನೂ ಅದರಿಂದ ಪಡೆಯುತ್ತೀರಿ. ಇವನ್ನು ನಾವು ಮರಿ ಫಾರಂಗಳೆಂದು ಕರೆಯೋಣ. ಹೀಗೆ ಗುಣದೊಂದಿಗೆ ರೂಪವನ್ನೂ ಬಳುವಳಿಯಾಗಿ ಪಡೆಯುವುದೇ ವಿಷುಯಲ್ ಇನ್‌ಹೆರಿಟೆನ್ಸ್. ಇದೇನೂ ಹೊಸ ವಿದ್ಯೆಯಲ್ಲ. 1996ರಲ್ಲಿ ಬಂದ ಡೆಲ್ಫಿ 2ರಲ್ಲಿಯೇ ಇತ್ತು. 2002ರಲ್ಲಿ ಡಾಟ್ ನೆಟ್‌ನೊಂದಿಗೆ ವಿಂಡೋಸ್ ಫಾರಂಸ್‌ಗೂ ಬಂತು.

ಎರವಲಿನ ಫಾರಂ ತೆರೆಯುತ್ತೀರಿ. ಟೂಲ್‌ಬಾರ್ ಕಾಣುತ್ತದೆ, ಆದರೆ ಅದರ ಮೂಲೆಯಲ್ಲಿ ಪುಟ್ಟ ಬೀಗದ ಗುರುತು. ಗುಂಡಿ ಸೇರಿಸಲು ಹೋದರೆ ಡಿಸೈನರ್ ಒಪ್ಪುವುದಿಲ್ಲ. ಸರಿ, ಮೂಲ ಫಾರಂನಲ್ಲಿ ಅದು ಪ್ರೈವೇಟ್ ಆಗಿರುವುದೇ ಕಾರಣವಿರಬೇಕೆಂದು ಪ್ರೊಟೆಕ್ಟೆಡ್ ಎಂದು ಬದಲಿಸುತ್ತೀರಿ. ಹಾಗೆ ಮಾಡಿದಾಗ ಲೇಬಲ್ ತೆರೆದುಕೊಳ್ಳುತ್ತದೆ, ಸಾದಾ ಬಟನ್ ತೆರೆದುಕೊಳ್ಳುತ್ತದೆ. ಟೂಲ್‌ಬಾರ್ ಮಾತ್ರ ಬೀಗ ಹಾಕಿಕೊಂಡೇ ಕುಳಿತಿರುತ್ತದೆ! ಪಬ್ಲಿಕ್ ಮಾಡಿದರೂ ಅಷ್ಟೇ.

ಇಲ್ಲಿ ನಿಮ್ಮ ತಪ್ಪೇನೂ ಇಲ್ಲ. ಡಾಟ್ ನೆಟ್ 2.0ರ ಜೊತೆ 2005ರಲ್ಲಿ ಬಂದ ಟೂಲ್‌ಸ್ಟ್ರಿಪ್ ಎಂಬ ಈ ಸಾಧನವನ್ನು ಮರಿ ಫಾರಂನ ಡಿಸೈನರಿನಲ್ಲಿ ತಿದ್ದಲು ಬಾರದೆಂದು ಮೈಕ್ರೋಸಾಫ್ಟ್ ತನ್ನ ಕೈಪಿಡಿಯಲ್ಲಿಯೇ ಹೇಳಿದೆ. ಟೇಬಲ್ ಲೇಔಟ್ ಪ್ಯಾನೆಲ್, ಫ್ಲೋ ಲೇಔಟ್ ಪ್ಯಾನೆಲ್, ಡೇಟಾಗ್ರಿಡ್ ವ್ಯೂ, ವೆಬ್ ಬ್ರೌಸರ್ ಇವೂ ಅದೇ ಪಟ್ಟಿಯಲ್ಲಿವೆ. ಇದನ್ನು ತಿಳಿಯದ ಅನೇಕರು ಬೇಸತ್ತು ಟೂಲ್‌ಬಾರನ್ನು ಪ್ರತಿ ಫಾರಂಗೂ ನಕಲು ಮಾಡಿಬಿಡುತ್ತಾರೆ. ಮುಂದೆ ‘ಅಳಿಸು’ ಗುಂಡಿಯಲ್ಲೊಂದು ದೋಷ ಕಂಡರೆ ನಾಲ್ಕೂ ಕಡೆ ತಿದ್ದಬೇಕು; ಮೂರು ಕಡೆ ತಿದ್ದಿ ಒಂದು ಕಡೆ ಮರೆತರೆ ಗ್ರಂಥಪಾಲಕರ ದಾಖಲೆ ಹಾಳು.

ಲೇಬಲ್‌ಗೆ ಆಗುವುದು ಟೂಲ್‌ಬಾರಿಗೆ ಏಕೆ ಆಗದು? ಡಿಸೈನರ್ ನಿಮ್ಮ ಪರದೆಯನ್ನು ಚಿತ್ರವಾಗಿ ಉಳಿಸುವುದಿಲ್ಲ, ಆದೇಶಗಳಾಗಿ ಬರೆದಿಡುತ್ತದೆ. ಈ ಆದೇಶಗಳು ಇನಿಶಿಯಲೈಸ್ ಕಾಂಪೊನೆಂಟ್ ಎಂಬ ವಿಧಾನದೊಳಗೆ ಇರುತ್ತವೆ. ಮರಿ ಫಾರಂ ಹುಟ್ಟುವಾಗ ಮೊದಲು ಮೂಲ ಫಾರಂನ ಆದೇಶಗಳು ನಡೆಯುತ್ತವೆ, ಆಮೇಲೆ ಮರಿಯವು. ಆದ್ದರಿಂದ ಮರಿಯಲ್ಲಿ ವ್ಯತ್ಯಾಸವನ್ನಷ್ಟೇ ಬರೆದರೆ ಸಾಕು. ಲೇಬಲಿನಲ್ಲಿ ‘ಹೆಸರು’ ಎಂದಿದ್ದುದನ್ನು ‘ಪುಸ್ತಕದ ಹೆಸರು’ ಮಾಡಿದಿರಿ. ಒಂದು ಸಾಲಿನಲ್ಲಿ ಮುಗಿಯಿತು. ನಾಳೆ ಮೂಲ ಫಾರಂನಲ್ಲಿ ಏನೇ ಬದಲಾಗಲಿ, ಆ ಸಾಲಿನ ಅರ್ಥ ಕೆಡುವುದಿಲ್ಲ.

ಟೂಲ್‌ಬಾರ್ ಹಾಗಲ್ಲ. ಅದರ ಹೊಟ್ಟೆಯೊಳಗಿರುವುದು ಗುಂಡಿಗಳ ಸಾಲು. ಸಾಲಿನಲ್ಲಿ ವ್ಯತ್ಯಾಸವೆಂದರೆ ಯಾವುದು? ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ‘3ನೆಯ ಹೆಸರಿನ ನಂತರ ಈ ಹುಡುಗನನ್ನು ಸೇರಿಸಿ’ ಎಂದು ಚೀಟಿ ಬರೆದಿಟ್ಟಿದ್ದೀರಿ. ಅಷ್ಟರಲ್ಲಿ ಹೊಸ ಪ್ರವೇಶವಾಗಿ ಮೇಲೆ ಇಬ್ಬರ ಹೆಸರು ಸೇರಿತು, ಒಬ್ಬ ಟಿ.ಸಿ. ಪಡೆದು ಹೋದ. ಈಗ ಆ ಚೀಟಿಯ ಅರ್ಥವೇನು? ಮೂಲ ಫಾರಂನಲ್ಲಿ ಮುಂದಿನ ತಿಂಗಳು ‘ಹುಡುಕು’ ಗುಂಡಿ ಸೇರಿದಾಗ, ‘ಮುದ್ರಿಸು’ ತೆಗೆದುಹಾಕಿದಾಗ, ಮರಿಯಲ್ಲಿ ಬರೆದಿಟ್ಟ ವ್ಯತ್ಯಾಸಕ್ಕೂ ಇದೇ ಪಾಡು. ಬೀಗ ಬಿದ್ದ ಸಾಧನಗಳಲ್ಲಿ ಹೆಚ್ಚಿನವು ಹೀಗೆ ಒಳಗೆ ಸಾಲನ್ನೋ ಕೋಷ್ಟಕವನ್ನೋ ಹೊತ್ತವು ಎಂಬುದನ್ನು ಗಮನಿಸಿ. ತಪ್ಪು ಊಹಿಸಿ ಸದ್ದಿಲ್ಲದೆ ಕೆಡಿಸುವುದಕ್ಕಿಂತ ಬೀಗ ಹಾಕುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಆದರೆ ಕಾರಣವನ್ನು ಅಲ್ಲಿಯೇ ಎರಡು ಮಾತಿನಲ್ಲಿ ತಿಳಿಸಿದ್ದರೆ ಎಷ್ಟೋ ವಿದ್ಯಾರ್ಥಿಗಳ ನಿದ್ರೆ ಉಳಿಯುತ್ತಿತ್ತು.

ಒಂದು ಸಮಾಧಾನವಿದೆ. ಈ ಬೀಗ ಡಿಸೈನರಿನದು, ಭಾಷೆಯದಲ್ಲ. ಟೂಲ್‌ಸ್ಟ್ರಿಪ್ ಪ್ರೊಟೆಕ್ಟೆಡ್ ಆಗಿದ್ದರೆ, ಮರಿ ಫಾರಂನ ಕನ್‌ಸ್ಟ್ರಕ್ಟರಿನಲ್ಲಿ ಇನಿಶಿಯಲೈಸ್ ಕಾಂಪೊನೆಂಟ್ ಕರೆದ ಮೇಲೆ ನೀವೇ ಕೈಯಾರೆ ಬರೆದು ಗುಂಡಿ ಸೇರಿಸಬಹುದು. ಸೇರಿಸುವಾಗ ‘3ನೆಯ ಸ್ಥಾನ’ ಎಂದು ಅಂಕಿ ಕೊಡಬೇಡಿ. ‘ಉಳಿಸು’ ಗುಂಡಿ ಎಲ್ಲಿದೆಯೆಂದು ಇಂಡೆಕ್ಸ್ ಆಫ್ ಮೂಲಕ ಕೇಳಿ, ಅದರ ಪಕ್ಕದಲ್ಲಿ ಇನ್ಸರ್ಟ್ ಮಾಡಿ. ಆಗ ಮೂಲದ ಸಾಲು ಹಿಗ್ಗಿದರೂ ಕುಗ್ಗಿದರೂ ನಿಮ್ಮ ಗುಂಡಿ ತನ್ನ ನೆರೆಯವನನ್ನು ಬಿಡುವುದಿಲ್ಲ. ಹೀಗೆ ಸೇರಿಸಿದ ಗುಂಡಿ ಡಿಸೈನರಿನಲ್ಲಿ ಕಾಣದು, ತಂತ್ರಾಂಶ ನಡೆಸಿದಾಗಲೇ ಕಾಣುತ್ತದೆ. ಕಾರಣ, ಮರಿ ಫಾರಂ ತೋರಿಸುವಾಗ ಡಿಸೈನರ್ ನಿಜವಾಗಿ ಹುಟ್ಟಿಸುವುದು ಮೂಲ ಫಾರಂನ ವಸ್ತುವನ್ನು. ಮರಿಯ ಕನ್‌ಸ್ಟ್ರಕ್ಟರ್ ಆಗ ನಡೆಯುವುದೇ ಇಲ್ಲ.

ಇದರಿಂದಲೇ ಇನ್ನೂ ಕೆಲವು ತೊಡಕುಗಳು. ಮೂಲ ಫಾರಂ ಬದಲಿಸಿದರೆ ಮತ್ತೆ ಬಿಲ್ಡ್ ಮಾಡಬೇಕು, ಇಲ್ಲವಾದರೆ ಮರಿಯಲ್ಲಿ ಹಳೆಯ ರೂಪವೇ ಕಾಣುತ್ತದೆ. ಮೂಲವನ್ನು ಅಬ್‌ಸ್ಟ್ರಾಕ್ಟ್ ಎಂದು ಘೋಷಿಸಿದರೆ ಅದರಿಂದ ವಸ್ತು ಹುಟ್ಟಿಸಲಾಗದೆ ಡಿಸೈನರ್ ಮರಿಯನ್ನು ತೆರೆಯುವುದೇ ಇಲ್ಲ. ಮೂಲದ ಲೋಡ್ ಘಟನೆಯಲ್ಲಿ ದತ್ತಸಂಚಯಕ್ಕೆ ಸಂಪರ್ಕ ಬರೆದಿದ್ದರಂತೂ ಮರಿ ಫಾರಂ ಡಿಸೈನರಿನಲ್ಲಿ ತೆರೆದ ಕೂಡಲೇ ಅದು ಸಂಪರ್ಕಕ್ಕೆ ಹೊರಡುತ್ತದೆ.

ಡಿಸೈನರಿನಲ್ಲಿ ಗುಂಡಿಯನ್ನು ಕಣ್ಣಾರೆ ಕಂಡು ಜೋಡಿಸಲೇಬೇಕು ಎನ್ನುವವರಿಗೆ ಬೇರೊಂದು ದಾರಿಯಿದೆ. ಎರವಲಿನ ಫಾರಂನಲ್ಲಿ ಅದರದೇ ಸಣ್ಣ ಟೂಲ್‌ಸ್ಟ್ರಿಪ್ ಇಟ್ಟು, ‘ಅವಧಿ ವಿಸ್ತರಿಸು’ ಗುಂಡಿಯನ್ನು ಅದರಲ್ಲಿ ಹಾಕಿ. ತಂತ್ರಾಂಶ ನಡೆಯುವಾಗ ಟೂಲ್‌ಸ್ಟ್ರಿಪ್ ಮ್ಯಾನೇಜರಿನ ಮರ್ಜ್ ವಿಧಾನವನ್ನು ಕರೆದರೆ ಆ ಗುಂಡಿ ಮೂಲದ ಟೂಲ್‌ಬಾರಿಗೆ ಹೋಗಿ ಸೇರಿಕೊಳ್ಳುತ್ತದೆ. ಬೇರೇನೂ ಹೇಳದಿದ್ದರೆ ಕೊನೆಯಲ್ಲಿ ಸೇರುತ್ತದೆ. ಖಾಲಿಯಾದ ಪಟ್ಟಿ ಪರದೆಯ ಮೇಲೆ ಉಳಿಯುವುದರಿಂದ ಅದನ್ನು ಮರೆಮಾಡಿ. ಸೇರಿಸಿದ್ದನ್ನು ಹಿಂದೆಗೆಯಲು ರಿವರ್ಟ್ ಮರ್ಜ್ ಇದೆ.

ಗುಂಡಿಗಳು ಬಂದವು, ಅವು ಮಾಡುವ ಕೆಲಸ ಯಾರದು? ‘ಉಳಿಸು’ ಒತ್ತಿದಾಗ ಪುಸ್ತಕದ ಫಾರಂ ಪುಸ್ತಕವನ್ನೂ ಸದಸ್ಯರ ಫಾರಂ ಸದಸ್ಯನನ್ನೂ ಉಳಿಸಬೇಕು. ಇದಕ್ಕಾಗಿ ಪ್ರತಿ ಮರಿಯಲ್ಲೂ ಅದೇ ಗುಂಡಿಗೆ ಇನ್ನೊಂದು ಕ್ಲಿಕ್ ಹ್ಯಾಂಡ್ಲರ್ ಜೋಡಿಸಬೇಡಿ. ಮೂಲದ್ದು ಮೊದಲು ನಡೆದು, ಬೆನ್ನಿಗೇ ನಿಮ್ಮದೂ ನಡೆದು, ಒಂದೇ ದಾಖಲೆ ಎರಡು ಸಲ ಸೇರುವ ಅಪಾಯವಿದೆ. ಮೂಲ ಫಾರಂನಲ್ಲಿ ಒಂದೇ ಹ್ಯಾಂಡ್ಲರ್ ಇರಲಿ. ಅದು ವರ್ಚುವಲ್ ಎಂದು ಘೋಷಿಸಿದ ಒಂದು ವಿಧಾನವನ್ನು ಕರೆಯಲಿ. ಪ್ರತಿ ಮರಿ ಫಾರಂ ಆ ವಿಧಾನವನ್ನು ತನಗೆ ಬೇಕಾದಂತೆ ಓವರ್‌ರೈಡ್ ಮಾಡಿ, ತನ್ನ ದಾಖಲೆಯನ್ನು ತಾನೇ ಉಳಿಸಿಕೊಳ್ಳುತ್ತದೆ.