ಸಣ್ಣ ಟ್ರ್ಯಾಕ್ಟರಿಗೆ ಎಂಥ ರೋಟವೇಟರ್?



ಸಾಲ ಮಾಡಿ 5 ಅಡಿಯ ರೋಟವೇಟರ್ ತಂದಿದ್ದ ರೈತರೊಬ್ಬರು ಮೊನ್ನೆ ನನ್ನನ್ನು ಹೊಲಕ್ಕೆ ಕರೆದರು. ಅವರ 20 ಅಶ್ವಶಕ್ತಿಯ ಟ್ರ್ಯಾಕ್ಟರು ನಾಲ್ಕು ಮಾರು ಹೋಗಿ ನಿಂತೇಬಿಟ್ಟಿತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೆ?

ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ತಿರುಗುವ ದಂಡಕ್ಕೆ, ಅಂದರೆ ಪಿ.ಟಿ.ಓ.ಗೆ, ಬರುವುದಿಲ್ಲ. ಕೊಳ್ಳುವಾಗ ಪಿ.ಟಿ.ಓ. ಅಶ್ವಶಕ್ತಿ ಎಷ್ಟೆಂದು ಕೇಳಿ, ಅದಕ್ಕೆ ತಕ್ಕ ಅಗಲ ಆರಿಸಿ. ಇಂಥ ಟ್ರ್ಯಾಕ್ಟರಿಗೆ ಮೂರೂವರೆ ಅಡಿ ಸಾಕು. ಆದರೆ ಹಿಂದಿನ ಗಾಲಿಗಳ ಜಾಡು ಮುಚ್ಚುವಂತಿರಲಿ. ಇಲ್ಲದಿದ್ದರೆ ತುಳಿದ ಮಣ್ಣು ಗಟ್ಟಿಯಾಗಿಯೇ ಉಳಿಯುತ್ತದೆ.

ದಂಡಕ್ಕೆ ಮುಚ್ಚಳ ಇರಲೇಬೇಕು. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಪಂಚೆಯ ಅಂಚು ಸಿಕ್ಕಿದರೆ ಬಿಡಿಸಿಕೊಳ್ಳಲು ಪುರುಸೊತ್ತಿಲ್ಲ. ಬ್ಲೇಡಿನ ಕಸ ತೆಗೆಯುವ ಮುನ್ನ ಎಂಜಿನ್ ನಿಲ್ಲಿಸಿ.

ಮೊದಲು ಬಾಡಿಗೆಗೆ ತಂದು ನಿಮ್ಮ ಹೊಲದಲ್ಲೇ ಓಡಿಸಿ ನೋಡಿ. ಆಮೇಲೆ ಗಂಟು ಬಿಚ್ಚಿ.