ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ಕೇಳಿದ್ದೇನು?



ವೈನ್ ಅಂದಕೂಡಲೇ ಕೆಲವರು ನಗ್ತಾ ಇದ್ದೀರಿ. ನಗಿ, ತೊಂದರೆಯಿಲ್ಲ. ನಾನು ಹೇಳಹೊರಟಿದ್ದು ಕುಡಿಯುವವರ ವಿಷಯವಲ್ಲ, ದ್ರಾಕ್ಷಿ ಬೆಳೆದು ಸಾಲಗಾರರಾದವರ ವಿಷಯ.

ಫ್ರಾನ್ಸಿನ ದಕ್ಷಿಣಕ್ಕೆ, ಸಮುದ್ರದ ದಂಡೆಗೆ, ಲಾಂಗ್ದೊಕ್ ಅನ್ನೋ ಸೀಮೆ ಇದೆ. ದ್ರಾಕ್ಷಿಯೇ ಅಲ್ಲಿನ ಬದುಕು. 1860ರ ದಶಕದಿಂದ ಬೇರಿಗೆ ಹತ್ತುವ ಹೇನಿನಂಥ ಕೀಟ ತೋಟಗಳನ್ನು ಒಣಗಿಸಿತು. ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ಬಳ್ಳಿ ಕಸಿಕಟ್ಟಿ ರೈತರು ಮತ್ತೆ ತೋಟ ಎಬ್ಬಿಸಿದರು. ದುಡ್ಡು ಬೇಕಲ್ಲ? ಸಾಲ ಮಾಡಿದರು. ಫಸಲು ಚೆನ್ನಾಗಿ ಬರತೊಡಗಿದಾಗ ಧಾರಣೆ ಬಿತ್ತು.

ಯಾಕೆ ಬಿತ್ತು? ಬೆಳೆ ಜಾಸ್ತಿಯಾಯ್ತು, ಅಲ್ಜೀರಿಯಾದ ವೈನೂ ಬಂತು, ನಿಜ. ಆದರೆ ರೈತನ ಹೊಟ್ಟೆ ಉರಿಸಿದ್ದು ಸಕ್ಕರೆ. ಸಿಹಿ ಸಾಲದ ದ್ರಾಕ್ಷಿರಸಕ್ಕೆ ಸಕ್ಕರೆ ಹಾಕಿದರೆ ಅಮಲು ಏರುತ್ತದೆ. ಅದನ್ನೇ ನೆಪಮಾಡಿಕೊಂಡು, ಹಿಂಡಿ ಉಳಿದ ಸಿಪ್ಪೆಗೆ ನೀರು, ಸಕ್ಕರೆ ಸುರಿದು ಮತ್ತೊಂದು ಸಲ 'ವೈನ್' ತೆಗೆದರು. 1903ರಲ್ಲಿ ಸರ್ಕಾರ ಸಕ್ಕರೆ ಮೇಲಿನ ತೆರಿಗೆಯನ್ನೂ ಇಳಿಸಿತು. ಇನ್ನೇನು ಬೇಕು! ತೋಟದವನ ಪೀಪಾಯಿ ಕೇಳುವವರಿಲ್ಲದೆ ಉಳೀತು.

1907ರ ಮಾರ್ಚ್ 11ರಂದು ಆರ್ಜೆಲಿಯೆ ಹಳ್ಳಿಯ 87 ಜನ ನಾರ್ಬೋನ್ ಪಟ್ಟಣಕ್ಕೆ ಹೊರಟರು. ಮುಂದಾಳು ಮಾರ್ಸೆಲಾಂ ಆಲ್ಬೇರ್, ಸಣ್ಣ ಬೆಳೆಗಾರ, ಕಾಫಿ ಅಂಗಡಿಯನ್ನೂ ನಡೆಸುತ್ತಿದ್ದವನು. ಆಮೇಲೆ ಪ್ರತಿ ಭಾನುವಾರ ಒಂದೊಂದು ಊರಲ್ಲಿ ಸಭೆ. ಜೂನ್ 9ಕ್ಕೆ ಮಾಂಪೆಲಿಯೆಯಲ್ಲಿ ಐದು ಲಕ್ಷಕ್ಕೂ ಮೇಲೆ ಜನ! ಕಂದಾಯ ಕಟ್ಟೋದಿಲ್ಲ ಅಂದರು, ಊರೂರ ಮೇಯರುಗಳು ರಾಜೀನಾಮೆ ಕೊಟ್ಟರು. ಪ್ರಧಾನಿ ಕ್ಲೆಮಾನ್ಸೊ ಸೈನ್ಯ ಕಳಿಸಿದ. ನಾರ್ಬೋನಿನಲ್ಲಿ ಗೋಲಿಬಾರಾಗಿ ಜೀವಗಳು ಹೋದವು. 17ನೇ ರೆಜಿಮೆಂಟಿನಲ್ಲಿ ಆ ಸೀಮೆಯ ಹುಡುಗರೇ ಇದ್ದರು, ಅವರು ದಂಗೆಯೆದ್ದರು.

ಆಲ್ಬೇರ್ ಪ್ಯಾರಿಸ್ಸಿಗೆ ಹೋಗಿ ಪ್ರಧಾನಿಯನ್ನು ಕಂಡ. ಪ್ರಧಾನಿ ವಾಪಸು ರೈಲಿಗೆಂದು ನೂರು ಫ್ರಾಂಕು ಕೈಗಿಟ್ಟ, ಆಮೇಲೆ ಪತ್ರಿಕೆಯವರಿಗೂ ಹೇಳಿದ. ಜನ ಆಲ್ಬೇರನನ್ನು ಅನುಮಾನಿಸಿದರು. ಪಾಪ, ಮನುಷ್ಯ ಸಾಚಾ. ಒಬ್ಬನೇ ಹೋಗಿದ್ದು ತಪ್ಪು.

ಆದರೂ ಜೂನ್ 29ರಂದು ಕಾಯಿದೆ ಬಂತು. ತೋಟ ಎಷ್ಟು, ಈ ವರ್ಷ ವೈನ್ ಎಷ್ಟು ಆಯ್ತು, ಹಳೇದು ಎಷ್ಟಿದೆ, ಎಲ್ಲವನ್ನೂ ಪ್ರತಿ ಬೆಳೆಗಾರ ಊರ ಕಚೇರಿಯಲ್ಲಿ ಬರೆಸಬೇಕು. ವೈನಿಗೆ ಹಾಕುವ ಸಕ್ಕರೆಗೆ ಹೆಚ್ಚಿನ ತೆರಿಗೆ. ಲೆಕ್ಕ ಬರೆಸಿದ ಮೇಲೆ, ಹತ್ತು ಪೀಪಾಯಿಯ ತೋಟದವನು ಮೂವತ್ತು ಮಾರಿದರೆ ಸಿಕ್ಕಿಬೀಳ್ತಾನೆ. ಆ ಲೆಕ್ಕ ಕೊಡೋದು ಇವತ್ತಿಗೂ ನಡೆದಿದೆ.

ಕಲಬೆರಕೆ ನಿಂತರೂ ಧಾರಣೆಯ ಕಷ್ಟ ತೀರಲಿಲ್ಲ. ಈಗ ಅಲ್ಲಿ ವೈನ್ ಕುಡಿಯೋದೇ ಕಡಿಮೆಯಾಗಿದೆ. 2023ರಲ್ಲಿ ಹೆಚ್ಚುವರಿ ವೈನನ್ನು ಬಟ್ಟಿ ಇಳಿಸಿ ಮದ್ಯಸಾರ ಮಾಡಲು 20 ಕೋಟಿ ಯೂರೋ ತೆಗೆದಿಟ್ಟರು. 2024ರಲ್ಲಿ ಬಳ್ಳಿ ಕಿತ್ತುಹಾಕುವವನಿಗೆ ಹೆಕ್ಟೇರಿಗೆ, ಅಂದರೆ ಸುಮಾರು ಎರಡೂವರೆ ಎಕರೆಗೆ, 4,000 ಯೂರೋ ಕೊಡುವ ಯೋಜನೆ ತಂದರು. ಅದಕ್ಕೆ ಅರ್ಜಿ ಹಾಕಿದವರಲ್ಲಿ ಲಾಂಗ್ದೊಕ್ ಸೀಮೆಯವರೂ ಇದ್ದಾರೆ.