ಅನುಭವಕ್ಕೆ ಮುಪ್ಪಿಲ್ಲ



ಕೆಲವು ವರ್ಷಗಳ ಹಿಂದೆ ವಯೋವೃದ್ಧ ಭಕ್ತರೊಬ್ಬರು ನಮ್ಮ ಬಳಿಗೆ ಬಂದು, “ಬುದ್ಧೀ, ಹೊಲ ಮನೆ ಎಲ್ಲ ಮಕ್ಕಳಿಗೆ ವಹಿಸಿಬಿಟ್ಟೆ. ಈಗ ಭಜನೆಯವರ ಜೊತೆ ಕುಳಿತು ತಬಲಾ ಕಲಿಯಬೇಕೆಂಬ ಆಸೆ. ಊರವರು ನಗುತ್ತಾರೆ” ಎಂದರು. ನಾವೂ, “ಈ ವಯಸ್ಸಿನಲ್ಲಿ ಅದೆಲ್ಲ ಏಕಪ್ಪ? ಸುಮ್ಮನೆ ಶಿವಸ್ಮರಣೆ ಮಾಡಿಕೊಂಡಿರಿ” ಎಂದುಬಿಟ್ಟೆವು. ಅವರು ನಮಸ್ಕರಿಸಿ ಹೋದರು. ನಾವು ಆಡಿದ ಆ ಮಾತು ಸರಿಯಲ್ಲ.

1964ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮರಿಯನ್ ಡೈಮಂಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇಲಿಗಳ ಮೆದುಳನ್ನು ಪರೀಕ್ಷಿಸಿದರು. ಕೆಲವು ಇಲಿಗಳಿಗೆ ಜೊತೆಗಾರರೂ ಆಟದ ವಸ್ತುಗಳೂ ಇದ್ದವು. ಕೆಲವು ಒಂಟಿಯಾಗಿ ಬರಿಯ ಗೂಡಿನಲ್ಲಿದ್ದವು. ಆಡಿ ನಲಿದ ಇಲಿಗಳ ಮೆದುಳಿನ ಹೊರಪದರ ದಪ್ಪವಾಗಿತ್ತು. ಇಲಿಯ ಮಾತಾಯಿತು, ಮನುಷ್ಯನಿಗೇನು ಎನ್ನುವಿರಾ? 2008ರಲ್ಲಿ ಜರ್ಮನಿಯ ವಿಜ್ಞಾನಿಗಳು 60ರ ಆಸುಪಾಸಿನವರಿಗೆ ಮೂರು ಚೆಂಡುಗಳನ್ನು ಎಸೆದು ಹಿಡಿಯುವ ಆಟವನ್ನು 3 ತಿಂಗಳು ಕಲಿಸಿದರು. ಕಲಿತವರ ಮೆದುಳಿನ ಕೆಲವು ಭಾಗಗಳು ಬೆಳೆದಿದ್ದವು. ಆಟ ನಿಲ್ಲಿಸಿದ ಮೇಲೆ ಆ ಬೆಳವಣಿಗೆ ಇಳಿಯಿತು. ಉಳುವುದನ್ನು ಬಿಟ್ಟ ಹೊಲದಂತೆಯೇ ಇದೂ.

ಹೊಸದನ್ನು ಕಂಡು ಮನಸ್ಸು ಹಿಗ್ಗಿದಾಗ ಮೆದುಳಿನಲ್ಲಿ ಡೋಪಮಿನ್ ಎಂಬ ದ್ರವ್ಯ ಹೊರಬರುತ್ತದೆ. ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ಅದು ನೆರವಾಗುತ್ತದೆ. ಇದರಿಂದ ಮರೆವಿನ ರೋಗವೇ ಬಾರದೆಂದು ನಾವು ಹೇಳುವುದಿಲ್ಲ. ಬೆಳೆಯುವ ಬಾಗಿಲು ಮುಪ್ಪಿನಲ್ಲೂ ಮುಚ್ಚಿಲ್ಲವೆಂದಷ್ಟೇ ಹೇಳುತ್ತೇವೆ.

ಹಾಗಾದರೆ ಸ್ವಾಮಿಗಳು ಭೋಗವನ್ನು ಬೋಧಿಸುತ್ತಾರೆಯೆ? ಇಲ್ಲ. ಭೋಗ ಉಂಡದ್ದನ್ನೇ ಮತ್ತೆ ಬೇಡುತ್ತದೆ. ಕಲಿಕೆಯ ಆನಂದ ನಮ್ಮನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರು, ಮಡಿವಾಳರು, ಸಮಗಾರರು ಒಂದೆಡೆ ಕುಳಿತರು. ಒಬ್ಬರ ಬಾಳು ಇನ್ನೊಬ್ಬರಿಗೆ ಹೊಸ ಪಾಠವಾಯಿತು. ಅದಕ್ಕೆ ಅನುಭವ ಮಂಟಪವೆಂದೇ ಹೆಸರು.

ಮನೆಯ ಮಕ್ಕಳೆ, ಸೊಸೆಯಂದಿರೆ, ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟ, ಔಷಧಿ ಕೊಟ್ಟರೆ ಸಾಲದು. ಜಾತ್ರೆಗೆ ಕರೆದೊಯ್ಯಿರಿ, ಅಕ್ಷರ ಬಾರದ ತಾಯಿಗೆ ಮೊಮ್ಮಗಳು ಅಕ್ಷರ ಹೇಳಿಕೊಡಲಿ. ತಪ್ಪಿದರೆ ನಗಬೇಡಿ.

ಆ ಹಿರಿಯರು ಈ ಸಭೆಯಲ್ಲಿದ್ದರೆ ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆಂದು ತಿಳಿಯಲಿ. ಸೋಮವಾರದ ಭಜನೆಗೆ ಬನ್ನಿ. ತಬಲಾವನ್ನು ನಾವೇ ತೆಗೆಸಿ ಇಡುತ್ತೇವೆ.